ಸಂಜೆ ಒಣಹಾಕಿದ ಸೀರೆಗಳು

ಬೆರಳನ್ನು ಕ್ಯಾಮೆರಾದ ಗುಂಡಿಯ ಮೇಲಿಟ್ಟುಕೊಂಡು ನಾನು ಹೂವಾಡಿಗರ ಬೀದಿಯ ತಲೆಯಲ್ಲಿ ನಿಂತಿದ್ದೆ. ಮಂದಾಕಿನಿ ತನ್ನ ಜಗಲಿಯ ಮೇಲಿಂದ ಕೈಯೆತ್ತಿ ತಡೆದಿದ್ದಳು. ಇನ್ನೊಂದು ಮೊಳ ಕನಕಾಂಬರ ಕಟ್ಟುವುದಿದೆ, ಕತ್ತಲೆಯಾದರೆ ದಾರ ಕಾಣುವುದಿಲ್ಲ, ಒಂಚೂರು ತಡಿ ಎಂದಳು. ಅವಳ ಒಂಚೂರು ಎಂದರೆ ಎಷ್ಟು ಎಂದು ನನಗೆ ಗೊತ್ತು. ಆ ಮೊಳ ಮುಗಿಯುವುದರೊಳಗೆ ಅವಳ ಓರಗಿತ್ತಿಯ ತವರಿನ ಸುದ್ದಿ ಮುಗಿಯಬೇಕು, ಎದುರುಮನೆಯ ಹೊಸ ಸೊಸೆ ಹುಳಿಗೆ ಬೆಲ್ಲ ಹಾಕುವುದು ಸರಿಯೋ ತಪ್ಪೋ ತೀರ್ಮಾನವಾಗಬೇಕು. ಅಲ್ಲಿಯವರೆಗೆ ಆ ಬೀದಿಯಲ್ಲಿ ಸಂಜೆ ಹಾಗೇ ನಿಂತಿರುತ್ತದೆ, ಹೆಂಚುಗಳ ಮೇಲೆ ಬೆಲ್ಲದ ಪಾಕದ ಬಣ್ಣ, ಗೋಡೆಗಳ ಬುಡದಲ್ಲಿ ನೇರಳೆ. ಹಿಂದಿನ ಬಳೆಗಾರರ ಬೀದಿಯ ಫೋಟೊ ತೆಗೆದು ಬಂದಾಗಿತ್ತು. ಅಲ್ಲಿ ಕತ್ತಲೆ ಕವಿದು, ದೀಪ ಹತ್ತಿ, ಗಂಡಸರು ತಟ್ಟೆಯ ಮುಂದೆ ಕೂತಿದ್ದರು. ಒಗ್ಗರಣೆಯ ವಾಸನೆ ಆ ಬೀದಿಯ ಕತ್ತಲೆಯಿಂದ ಈ ಬೀದಿಯ ಸಂಜೆಗೆ ತೇಲಿ ಬರುತ್ತಿತ್ತು.

"ಬಂದ್ಲಲ್ಲ ಕತ್ಲೆ, ಏಳ್ರೇ ಇನ್ನ," ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಯಾರೂ ಏಳಲಿಲ್ಲ. ನನಗೆ ಹೆತ್ತವರಿಟ್ಟ ಹೆಸರು ವಿಶಾಲಾಕ್ಷಿ, ಆದರೆ ಊರಿನ ಹೆಂಗಸರು ನನ್ನನ್ನು ಕರೆಯುವುದು ಹೀಗೇ.

ಸಂಜೆಯ ಫೋಟೊ ತೆಗೆಯುವುದು ನಮ್ಮ ಮನೆಯ ಸೊಸೆಯರಿಗೆ ಬಂದ ಕೆಲಸ. ಫೋಟೊಗೆ ಸಿಕ್ಕ ಜಾಗಕ್ಕೆ ಕತ್ತಲೆ, ಸಿಗದ ಜಾಗದಲ್ಲಿ ಸಂಜೆ ಹಾಗೇ ಉಳಿಯುತ್ತದೆ. ಅತ್ತೆಯ ಅತ್ತೆ ತೆಗೆಯುತ್ತಿದ್ದರು, ಆಮೇಲೆ ಅತ್ತೆ, ಅತ್ತೆಗೆ ಮಂಡಿನೋವು ಹಿಡಿದುಕೊಂಡ ಮೇಲೆ ನಾನು. ಕ್ಯಾಮೆರಾ ಕೈಗೆ ಕೊಟ್ಟ ದಿನವೇ ಅತ್ತೆ ಬೀದಿಗಳ ಸರದಿಯನ್ನೂ ಹೇಳಿಕೊಟ್ಟರು. ಮೊದಲು ನಮ್ಮ ಗಿರಣಿ ಬೀದಿ, ಎಲ್ಲಕ್ಕಿಂತ ಕೊನೆಗೆ ಚಾವಡಿ ಬೀದಿ. ಪ್ರತಿ ಬೀದಿಗೂ ಮುಂಬಾಗಿಲ ಕಡೆಯಿಂದೊಂದು ಫೋಟೊ, ಹಿತ್ತಲ ಓಣಿಯಿಂದ ಇನ್ನೊಂದು. ಒಂದು ಮೂಲೆಯನ್ನೂ ಬಿಡಬಾರದು ಎಂದು ಗಲ್ಲ ಹಿಡಿದು ಹೇಳಿದರು. ನಮ್ಮ ಬೀದಿಯೇ ಯಾಕೆ ಮೊದಲು ಎಂದು ಕೇಳಿದ್ದಕ್ಕೆ, ದಿನವಿಡೀ ಗಿರಣಿಯಲ್ಲಿ ಹಿಟ್ಟು ಕುಡಿದು ಬರುವ ಮಗನಿಗೆ ಹೊತ್ತಿಗೆ ಸರಿಯಾಗಿ ಊಟ ಬೇಡವೇ ಎಂದರು. ನಮ್ಮೂರಿನಲ್ಲಿ ಕತ್ತಲೆಯಾಗದೆ ಗಂಡಸರಿಗೆ ತಟ್ಟೆ ಹಾಕುವುದಿಲ್ಲ. ಅದಕ್ಕೇ ಗಂಡಸರೆಲ್ಲ ನಾನು ಬರುವ ದಾರಿ ಕಾಯುತ್ತಾರೆ, ಹೆಂಗಸರೆಲ್ಲ ನನ್ನನ್ನು ತಡೆದು ನಿಲ್ಲಿಸುತ್ತಾರೆ.

ಹೀಗಾಗಿ ಊರಿಗೆಲ್ಲ ಸಂಜೆಯಿತ್ತು, ನನಗಿರಲಿಲ್ಲ. ನಾನು ಹೊಸಿಲು ದಾಟಿ ಮೊದಲ ಸಲ ಗುಂಡಿ ಒತ್ತಿದ ಕೂಡಲೇ ನನ್ನ ಜಗಲಿಗೆ ಕತ್ತಲೆ. ಮಿಕ್ಕ ಬೀದಿಗಳ ಸಂಜೆ ನನಗೆ ಕಾಣುತ್ತಿದ್ದುದು ಕ್ಯಾಮೆರಾದ ಕಿಂಡಿಯಲ್ಲಿ, ಅದೂ ಮುಗಿಸುವುದಕ್ಕೆ ಎಷ್ಟು ಬೇಕೋ ಅಷ್ಟೇ ಹೊತ್ತು. ನನಗೇನೂ ದೊಡ್ಡ ಆಸೆಯಿರಲಿಲ್ಲ. ಯಾವುದಾದರೂ ಒಂದು ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತಿರಬೇಕು, ಸುತ್ತ ಸಂಜೆಯಿರಬೇಕು, ಅದು ಮುಗಿಯಲಿ ಎಂದು ಯಾರೂ ನನ್ನ ಮುಖ ನೋಡುತ್ತಿರಬಾರದು. ಇದನ್ನು ಒಮ್ಮೆ ನಮ್ಮವರಿಗೆ ಹೇಳಿದ್ದೆ. ಅವರು ಪ್ರಾಮಾಣಿಕವಾಗಿ ಯೋಚಿಸಿ, ಸಂಜೆಯಲ್ಲಿ ಅರ್ಧ ಕಾಣುತ್ತೆ ಅರ್ಧ ಕಾಣಲ್ಲ, ಅದರಲ್ಲೇನಿದೆ ಎಂದು ಕೇಳಿದರು. ಆಮೇಲೆ, ನಮ್ಮ ಬೀದಿಗೆ ಇಷ್ಟು ಬೇಗ ಕತ್ತಲೆಯಾದರೂ ನಮ್ಮನೆ ಅನ್ನ ಮಾತ್ರ ಯಾಕೆ ಬೇಯುವುದೇ ಇಲ್ಲ ಎಂದು ತಮ್ಮ ಎಂದಿನ ದೂರು ತೆಗೆದರು. ನಾನು ಸುತ್ತಿ ಬರುವವರೆಗೆ ಅಡುಗೆಮನೆ ಅತ್ತೆಯದು. ಹಳೇ ಅಕ್ಕಿ ಕಣಪ್ಪ, ನಿಧಾನ ಎಂದು ಅವರು ಹೇಳುತ್ತಿದ್ದರು. ನಾನು ಅಕ್ಕಿ ಬದಲಾಯಿಸಿ ನೋಡಿದೆ, ಪಾತ್ರೆ ಬದಲಾಯಿಸಿ ನೋಡಿದೆ, ಕೊನೆಗೆ ಒಲೆಯನ್ನೇ ಕಿತ್ತು ಹೊಸದು ಹಾಕಿಸಿದೆ. ಅನ್ನ ತನ್ನ ಪಾಡಿಗೆ ತಾನು ನಿಧಾನವಾಗಿಯೇ ಬೇಯುತ್ತಿತ್ತು.

ಇನ್ನು ಹಿತ್ತಲ ಓಣಿಯ ಫೋಟೊಗಳದು ಬೇರೆಯೇ ಕಥೆ. ಯಾವ ಹಿತ್ತಲಿಗೆ ಕ್ಯಾಮೆರಾ ಹಿಡಿದರೂ ಮುಂದೆ ಒಂದು ಒದ್ದೆ ಸೀರೆ. ಹಗ್ಗದ ಈ ತುದಿಯಿಂದ ಆ ತುದಿಗೆ, ನೆರಿಗೆಯಿಲ್ಲದಂತೆ ಬಿಡಿಸಿ, ಗೋಡೆ ಕಟ್ಟಿದ ಹಾಗೆ ಹರವಿರುತ್ತಿದ್ದರು. ಸಂಜೆ ಹೊತ್ತಿನಲ್ಲಿ ಯಾರಾದರೂ ಬಟ್ಟೆ ಒಣಹಾಕುತ್ತಾರೆಯೇ ಎಂದು ನಾನು ಮೊದಮೊದಲು ಜಗಳವಾಡಿದ್ದೆ. ಎಲ್ಲ ಮನೆಯಲ್ಲೂ ಒಂದೇ ಉತ್ತರ. ನಾಳೆ ಬೆಳಿಗ್ಗೆಗೆ ಮಡಿಸೀರೆ, ದೂರ ನಿಂತುಕೋ, ಮುಟ್ಟಬೇಡ. ಮಡಿಗೆ ಎದುರು ಹೇಳುವುದುಂಟೇ. ನಮ್ಮತ್ತೆಯೂ ಪೇರಲೆ ಮರದಿಂದ ಬಾವಿಯ ಕಂಬಕ್ಕೆ ದಿನವೂ ತಮ್ಮ ಕಂದು ಸೀರೆ ಹರವುತ್ತಿದ್ದರು. ಮಾರನೆಯ ಬೆಳಿಗ್ಗೆ ಫೋಟೊಗಳನ್ನು ಚಾವಡಿಯ ಹಲಗೆಗೆ ಅಂಟಿಸಿದಾಗ ಯಜಮಾನ ವೆಂಕಟನರಸಯ್ಯನವರು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಒಂದೊಂದನ್ನೂ ನೋಡಿ, ಇದು ಊರೋ ಸೀರೆ ಅಂಗಡಿಯೋ ಎನ್ನುತ್ತಿದ್ದರು.

ಆ ದಿನ ಮಂದಾಕಿನಿಯ ಮೊಳ ಮುಗಿಸಿಕೊಂಡು, ಮಿಕ್ಕ ಬೀದಿಗಳನ್ನು ಮುಗಿಸಿ ಚಾವಡಿ ಬೀದಿಗೆ ಹೋದಾಗ ಯಜಮಾನರು ಬೀದಿ ಮಧ್ಯದಲ್ಲೇ ನಿಂತಿದ್ದರು. ಕಣ್ಣು ಕೆಂಪಾಗಿತ್ತು. ಒಂದು ಕಾಗೆಯಿಂದ ತಮಗೆ ಎಷ್ಟೋ ರಾತ್ರಿಗಳಿಂದ ನಿದ್ದೆಯಿಲ್ಲವೆಂದು ಹೇಳಿದರು. ಊರಿಗೆಲ್ಲ ಕತ್ತಲೆಯಾದ ಮೇಲೂ ಅದೊಂದು ಗೂಡು ಸೇರುವುದಿಲ್ಲ, ಹಿತ್ತಲಿನಿಂದ ಹಿತ್ತಲಿಗೆ ಕೂಗಿಕೊಂಡು ಹಾರುತ್ತದೆ. ಕಾಗೆ ಗೂಡು ಸೇರುವುದಿಲ್ಲ ಎಂದರೆ ಅದಕ್ಕೆ ಎಲ್ಲೋ ಸಂಜೆ ಕಾಣುತ್ತಿದೆ ಎಂದರ್ಥ. ಸಂಜೆ ಕಾಣುತ್ತಿದೆ ಎಂದರೆ ನಾನು ಎಲ್ಲೋ ಒಂದು ಮೂಲೆ ಬಿಟ್ಟಿದ್ದೇನೆ.

"ನಾಳೆ ಒಳಗೆ ಆ ಮೂಲೆ ಹುಡುಕಿ ಫೋಟೊ ತೆಗೀಬೇಕಮ್ಮ ನೀನು. ಆಗ್ಲಿಲ್ಲ ಅಂದ್ರೆ ಕ್ಯಾಮೆರಾ ತಂದು ಇಲ್ಲಿಡು. ನಮ್ಮನೆ ಚಿಕ್ಕ ಸೊಸೆ ಜಲಜಾಕ್ಷಿ ಇದಾಳೆ, ಚುರುಕಾಗಿದಾಳೆ, ಅವಳು ನೋಡ್ಕೋತಾಳೆ."

ಬಾಗಿಲ ಹಿಂದೆ ನಿಂತಿದ್ದ ಜಲಜಾಕ್ಷಿ ತಲೆ ತಗ್ಗಿಸಿದಳು. ಸಂತೋಷಕ್ಕೆ ನಾಚಿರಬೇಕು ಎಂದುಕೊಂಡೆ.

ಮನೆಗೆ ಬರುವ ದಾರಿಯಲ್ಲಿ, ಕೊಟ್ಟುಬಿಡಲೇ ಎನಿಸಿತು. ಕ್ಯಾಮೆರಾ ಹೋದರೆ ಸಂಜೆ ಬರುತ್ತದೆ, ಇಷ್ಟು ವರ್ಷ ನಾನು ಬಯಸಿದ್ದು ಅದನ್ನೇ ಅಲ್ಲವೇ. ಆದರೆ ಆ ಸಂಜೆ ಬರುವುದು ಎಲ್ಲಿಗೆ ಎಂದು ಯೋಚಿಸಿದಾಗ ಕಂಡದ್ದು ಅಡುಗೆಮನೆ. ಅತ್ತೆ ಒಂದು ಪಕ್ಕ, ಬೇಯದ ಅನ್ನ ಇನ್ನೊಂದು ಪಕ್ಕ, ಮಧ್ಯೆ ಹೊಗೆಯಲ್ಲಿ ನಾನು. ಬೈಸಿಕೊಂಡಾದರೂ ಸರಿ, ಊರಿನ ಬೀದಿ ಬೀದಿ ತಿರುಗಿ, ಮಂದಾಕಿನಿಯ ಅರ್ಧ ಸುದ್ದಿ ಕೇಳಿ, ಬಳೆಗಾರರ ಮನೆಯ ಕಿಟಕಿಯ ಬಣ್ಣ ಬಣ್ಣದ ಬಳೆ ನೋಡಿ ಬರುವುದು ತಪ್ಪಿಹೋಗುತ್ತದೆ. ಈ ಕ್ಯಾಮೆರಾ ಒಂದಿರದಿದ್ದರೆ, ನಾನು ಆ ಹೊತ್ತಿನಲ್ಲಿ ಹೊಸಿಲು ದಾಟುವುದಕ್ಕೆ ಯಾವ ನೆಪ ಹೇಳಬೇಕಿತ್ತು?

ಮರುದಿನ ಮೂಲೆ ಹುಡುಕಲು ಹೊರಟೆ. ಊರಿನವರಿಗೆ ಅಷ್ಟು ಒಳ್ಳೆಯ ಮನರಂಜನೆ ಬಹಳ ದಿನದಿಂದ ಸಿಕ್ಕಿರಲಿಲ್ಲ. ಮಂದಾಕಿನಿ ಬಳೆಗಾರರ ಬೀದಿಯವರ ಮೇಲೆ ಅನುಮಾನ ಹೇಳಿದಳು, ಅಲ್ಲಿಯವರಿಗೆ ಸಂಜೆಯ ಬೆಳಕಿನಲ್ಲಿ ಬಳೆ ಹೊಳೆದರೆ ವ್ಯಾಪಾರವಂತೆ. ಬಳೆಗಾರರ ರುಕ್ಮಾಬಾಯಿ ಗಾಣದ ಬೀದಿಯ ಕಡೆ ಕೈ ತೋರಿಸಿದಳು. ಗಾಣದವರ ಮನೆಯಲ್ಲಿ ಕೂರಿಸಿ ಎಳ್ಳುಂಡೆ ಕೊಟ್ಟು, ಸಂಜೆ ಬಚ್ಚಿಡುವುದಕ್ಕೆ ಅದೇನು ಉಪ್ಪಿನಕಾಯಿಯೇ ಎಂದು ಕೇಳಿದರು. ಹೋದಲ್ಲೆಲ್ಲ ಕಾಫಿ, ಹೋದಲ್ಲೆಲ್ಲ ಇನ್ನೊಂದು ಬೀದಿಯ ದಾರಿ. ಹಿತ್ತಲಿಗೆ ಮಾತ್ರ ಯಾರೂ ಕರೆದುಕೊಂಡು ಹೋಗಲಿಲ್ಲ. ನನಗದು ಆಗ ಹೊಳೆಯಲೂ ಇಲ್ಲ. ಮನೆಗೆ ಬಂದು ಅತ್ತೆಯನ್ನು ಕೇಳಿದಾಗ ಅವರು ಗೋಡೆಗೊರಗಿ ಮಂಡಿ ನೀವಿಕೊಳ್ಳುತ್ತ ನಿಟ್ಟುಸಿರು ಬಿಟ್ಟರು. ನಾನು ಓಡಾಡುವ ಕಾಲದಲ್ಲಿ ಒಂದು ಮೂಲೆಯೂ ತಪ್ಪಿರಲಿಲ್ಲ ಕಣೆ, ಈಗ ಹಿತ್ತಲ ಹೊಸಿಲು ದಾಟುವುದಕ್ಕೂ ಗೋಡೆ ಹಿಡಿಯಬೇಕು ಎಂದರು.

ಸಂಜೆ ಹೊರಟವಳು ಅನುಮಾನ ಬಂದಲ್ಲೆಲ್ಲ ಗುಂಡಿ ಒತ್ತಿದೆ. ನಮ್ಮ ಬೀದಿಯ ಸೌದೆ ಕೊಟ್ಟಿಗೆಯ ಸಂದಿ, ಬಳೆಗಾರರ ಬೀದಿಯ ಒರಳಿನ ಹಿಂಬದಿ, ಒಂದು ಕಡೆಯಂತೂ ಮಲಗಿದ್ದ ಹಸುವಿನ ಆಚೆ ಪಕ್ಕ. ಹೂವಾಡಿಗರ ಬೀದಿಗೆ ಬರುವಷ್ಟರಲ್ಲಿ ರೀಲು ಮುಗಿದುಹೋಯಿತು. ಹೊಸ ರೀಲು ಅಡುಗೆಮನೆಯ ಗೂಡಿನಲ್ಲಿ, ಹುಣಿಸೆಹಣ್ಣಿನ ಜಾಡಿಯ ಹಿಂದಿತ್ತು. ಮಂದಾಕಿನಿಗೆ ಎರಡು ಮೊಳ ಜಾಸ್ತಿಯೇ ಕಟ್ಟಿಕೋ ಎಂದು ಹೇಳಿ ಓಡಿದೆ.

ಬೇಗ ಆಗಲೆಂದು ಹಿತ್ತಲ ಓಣಿಯಿಂದ ಬಂದೆ. ನಮ್ಮ ಬೀದಿಯಲ್ಲಿ ಕತ್ತಲೆ ಗಟ್ಟಿಯಾಗಿತ್ತು, ಎದುರಿಗೆ ಹಿಡಿದ ಕೈ ಕಾಣುತ್ತಿರಲಿಲ್ಲ. ನಮ್ಮ ಹಿತ್ತಲಿಗೆ ಕಾಲಿಟ್ಟವಳು ಹಾಗೇ ನಿಂತೆ. ಕಂದು ಸೀರೆಯ ಅಂಚಿನ ಕೆಳಗೆ, ನೆಲದ ಮೇಲೆ, ಬೆಲ್ಲದ ಪಾಕದ ಬಣ್ಣದ ಒಂದು ಪಟ್ಟಿ ಬಿದ್ದಿತ್ತು. ಆ ಪಟ್ಟಿಯಲ್ಲಿ ಎರಡು ಕಾಲುಗಳು ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಿದ್ದವು.

ಸೀರೆಯ ಪಕ್ಕದಿಂದ ಇಣುಕಿದೆ. ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ಕೂತಿದ್ದರು. ಜಡೆ ಬಿಚ್ಚಿತ್ತು, ಮಡಿಲಲ್ಲಿ ಹುರಿದ ಕಡಲೆಕಾಯಿ. ಬಾವಿಯ ರಾಟೆಯ ಮೇಲೆ ಒಂದು ಕಾಗೆ. ಅವರು ಒಂದು ಕಾಳು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಅದರ ಕಡೆ ಎಸೆಯುತ್ತಿದ್ದರು. ಸುತ್ತಲೂ ಒಂದು ಚಾಪೆಯಗಲದ ಸಂಜೆ. ಅದರಾಚೆ ಪೇರಲೆ ಮರದ ಒಂದು ಕೊಂಬೆಗೆ ಸಂಜೆ, ಇನ್ನೊಂದಕ್ಕೆ ಕತ್ತಲೆ.

ಒಳಗಿನಿಂದ ನಮ್ಮವರು, ಅಮ್ಮಾ ಆಯ್ತಾ ಎಂದು ಕೂಗಿದರು. ಅತ್ತೆ ಕಾಲು ತೂಗಾಡಿಸುವುದನ್ನು ನಿಲ್ಲಿಸದೆ, ಧ್ವನಿಯನ್ನು ಮಾತ್ರ ಸೊರಗಿಸಿಕೊಂಡು, "ಇನ್ನೊಂದ್ ಕುದಿ ಬರ್ಲಿ ಕಣಪ್ಪಾ," ಎಂದರು. ಆಮೇಲೆ ಕಾಗೆಯ ಕಡೆ ತಿರುಗಿ, ನಿಮ್ಮನೇಲೂ ಅನ್ನ ಬೇಯ್ತಾ ಇದ್ಯೇನೋ ಎಂದು ಮೆಲ್ಲಗೆ ಕೇಳಿದರು.

ನನಗೆ ಸಿಟ್ಟು ಬಂದದ್ದು ನಿಜ. ಕಿತ್ತುಹಾಕಿಸಿದ ಒಲೆ ನೆನಪಾಯಿತು. ನಮ್ಮ ಬೀದಿಯೇ ಮೊದಲು ಎಂದದ್ದು ಮಗನ ಹಸಿವಿಗಲ್ಲ, ನನ್ನನ್ನು ಬೇಗ ಹೊರಗೆ ಹಾಕುವುದಕ್ಕೆ ಎಂದು ತಿಳಿಯಿತು. ಅಭ್ಯಾಸಬಲದಿಂದ ಕ್ಯಾಮೆರಾ ಕಣ್ಣಿಗೇರಿತು. ಒಂದೇ ಫೋಟೊ, ಯಜಮಾನರಿಗೆ ನಿದ್ದೆ, ನನಗೆ ಕ್ಯಾಮೆರಾ. ಕಿಂಡಿಯಲ್ಲಿ ಅತ್ತೆಯ ಮುಖ ಕಂಡಿತು. ಅದು ಯಾರ ತಾಯಿಯದೂ ಅಲ್ಲ, ಯಾರ ಅತ್ತೆಯದೂ ಅಲ್ಲ, ಯಾವುದೋ ಮನೆಯ ಹುಡುಗಿಯೊಬ್ಬಳು ಯಾರೂ ಕರೆಯದ ಹೊತ್ತಿನಲ್ಲಿ ಕೂತ ಹಾಗಿತ್ತು. ಬೆರಳು ಗುಂಡಿಯ ಮೇಲೇ ಇತ್ತು. ರೀಲು ಇರಲಿಲ್ಲವಾದ್ದರಿಂದ ನಾನು ಒಳ್ಳೆಯವಳೋ ಕೆಟ್ಟವಳೋ ಆಗ ಇತ್ಯರ್ಥವಾಗಲಿಲ್ಲ.

ಹಿಂದಕ್ಕೆ ಸರಿಯುವಾಗ ಕಾಲಡಿಯಲ್ಲಿ ಕಡಲೆಕಾಯಿ ಸಿಪ್ಪೆ ಚಟ್ಟೆಂದಿತು. ಸೀರೆಯ ಕೆಳಗಿನ ಕಾಲುಗಳು ನಿಂತವು. ಸ್ವಲ್ಪ ಹೊತ್ತಿಗೆ ಅವು ಮತ್ತೆ ತೂಗಾಡತೊಡಗಿದವು. ನಾನು ಸುತ್ತಿ ಬಳಸಿ ಮುಂಬಾಗಿಲಿನಿಂದ ಬೇಕೆಂದೇ ಕೆಮ್ಮುತ್ತ ಒಳಗೆ ಹೋಗಿ, ಜಾಡಿಯ ಹಿಂದಿನಿಂದ ರೀಲು ತೆಗೆದುಕೊಂಡೆ. ಒಲೆಯ ಮೇಲೆ ಅನ್ನ ಬೆಂದು ಮುಚ್ಚಳದ ಕೆಳಗೆ ಆರಿಹೋಗಿತ್ತು.

ಆಮೇಲೆ ಸುತ್ತಿದ ಬೀದಿಗಳು ನನಗೆ ಹಳೆಯವಾಗಿ ಕಾಣಲಿಲ್ಲ. ಹೂವಾಡಿಗರ ಹಿತ್ತಲ ಓಣಿಯಲ್ಲಿ ಕ್ಯಾಮೆರಾ ಎತ್ತುವ ಮೊದಲು ಬಗ್ಗಿ ನೋಡಿದೆ. ಹಸಿರು ಸೀರೆಯ ಕೆಳಗೆ ಮಂದಾಕಿನಿಯ ಓರಗಿತ್ತಿಯ ಕಾಲುಂಗುರ. ಗಾಣದ ಬೀದಿಯಲ್ಲಿ ಒಂದು ಹಳದಿ ಸೀರೆಯ ಕೆಳಗೆ ಎರಡು ಜೊತೆ ಕಾಲು, ಒಂದು ಅತ್ತೆಯದು, ಒಂದು ಸೊಸೆಯದು. ಆ ಮನೆಯಲ್ಲಿ ಅವರಿಬ್ಬರಿಗೂ ಮಾತಿಲ್ಲವೆಂದು ಊರೆಲ್ಲ ಹೇಳುತ್ತಿತ್ತು. ಇನ್ನೊಂದು ಸೀರೆಯ ಕೆಳಗೆ ಬೆತ್ತದ ಕೋಲು ಒಂದೇ ಕಾಣುತ್ತಿತ್ತು, ಕಾಲುಗಳನ್ನು ಮೇಲೆ ಮಡಚಿ ಕೂತಿದ್ದಿರಬೇಕು. ಅಷ್ಟು ವರ್ಷ ಆ ಸೀರೆಗಳನ್ನು ಶಪಿಸುತ್ತ ತೆಗೆದ ಫೋಟೊಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಚಾವಡಿಯ ಹಲಗೆಯ ಮೇಲೆ, ಯಜಮಾನರ ಕನ್ನಡಕದ ಎದುರಿಗೆ, ಊರಿನ ಹೆಂಗಸರು ತಮ್ಮ ಗುಟ್ಟನ್ನು ದಿನಾ ಬೆಳಿಗ್ಗೆ ಅಂಟಿಸಿ ತೋರಿಸುತ್ತಿದ್ದರು. ಅಂಟಿಸುತ್ತಿದ್ದವಳು ನಾನು. ಪ್ರತಿ ಸೀರೆಯನ್ನೂ ನೆಟ್ಟಗೆ ಎದುರಿಗೆ ಹಿಡಿದು ಗುಂಡಿ ಒತ್ತಿದೆ. ಅಂದಿನಷ್ಟು ಅಚ್ಚುಕಟ್ಟಾಗಿ ನಾನು ಯಾವತ್ತೂ ಫೋಟೊ ತೆಗೆದಿರಲಿಲ್ಲ.

ಚಾವಡಿ ಬೀದಿಯಲ್ಲಿ ಯಜಮಾನರು ಕಾಯುತ್ತಿದ್ದರು. ಜಲಜಾಕ್ಷಿ ಹೊಸ ಸೀರೆಯುಟ್ಟು, ಗಲ್ಲಿಗೇರುವವಳ ಮುಖ ಮಾಡಿಕೊಂಡು ಪಕ್ಕದಲ್ಲಿ ನಿಂತಿದ್ದಳು. ಆ ಮುಖ ನನಗೆ ಈಗ ಅರ್ಥವಾಯಿತು. ಸಿಕ್ಕಿತೇ ಎಂದು ಯಜಮಾನರು ಕೇಳಿದರು. ಊರಿನ ಎಲ್ಲ ಬೀದಿಯನ್ನೂ ನೋಡಿದೆ, ಫೋಟೊ ತೆಗೆದಿದ್ದೇನೆ, ಇನ್ನುಳಿದಿರುವುದು ನಿಮ್ಮ ಹಿತ್ತಲು ಒಂದೇ ಎಂದೆ. ಸರಿ ನಡಿ, ನಾನೇ ಬರುತ್ತೇನೆ ಎಂದು ಅವರು ಹಿತ್ತಲಿಗೆ ಹೊರಟೇಬಿಟ್ಟರು. ಚಾವಡಿ ಬೀದಿಯಲ್ಲಿ ಇನ್ನೂ ಎಲ್ಲೆಲ್ಲೂ ಸಂಜೆಯೇ ಇದ್ದುದರಿಂದ ಅವರಿಗೆ ಏನೂ ಬೇರೆಯಾಗಿ ಕಾಣಲಿಲ್ಲ. ಹಗ್ಗದ ಮೇಲೆ ದಾಳಿಂಬೆ ಬಣ್ಣದ ದೊಡ್ಡಂಚಿನ ಸೀರೆ ನೀರು ತೊಟ್ಟಿಕ್ಕುತ್ತಿತ್ತು.

"ಇದನ್ನ ಎತ್ತಿ ತೆಗೀಲಾ ಯಜಮಾನ್ರೆ, ಹೀಗೇ ತೆಗೀಲಾ?" ಎಂದು ಕೇಳಿದೆ.

ಎತ್ತಿ ತೆಗಿ ಎಂದು ಅವರು ಕೈ ಮುಂದೆ ಚಾಚುವಷ್ಟರಲ್ಲಿ ಅವರ ಹೆಂಡತಿ ಸೀತಾಲಕ್ಷ್ಮಮ್ಮನವರು ಸೀರೆಯ ಹಿಂದಿನಿಂದ ಬಂದರು. ಕೈಯಲ್ಲಿ ನಾಲ್ಕು ಹಸಿಮೆಣಸಿನಕಾಯಿ, ಗಿಡದಿಂದ ಕೀಳಲು ಹೋಗಿದ್ದವರಂತೆ.

"ಮಡಿ ಅದು," ಎಂದರು. ಅಷ್ಟೇ.

ಯಜಮಾನರ ಕೈ ಗಾಳಿಯಲ್ಲೇ ನಿಂತಿತು. ಚಾವಡಿಯ ಕಂಬವನ್ನು ಪಂಚೆ ತಾಕಿದರೂ ಮತ್ತೊಮ್ಮೆ ಸ್ನಾನ ಮಾಡುವ ಮನುಷ್ಯ ಅವರು.

"ನಾಳೆ ನಿಮ್ಮಪ್ಪನ ತಿಥಿ," ಎಂದು ಸೀತಾಲಕ್ಷ್ಮಮ್ಮನವರು ಮುಂದುವರಿಸಿದರು. "ಮುಟ್ಟಿದ್ರೆ ಇನ್ನೊಂದು ಒಗೀಬೇಕು. ಆಮೇಲೆ ಅಡುಗೆ, ಆಮೇಲೆ ನಿಮ್ಮ ಊಟ. ನನಗೇನು, ಒಗೀತೀನಿ. ಇನ್ನು ಆ ಕಾಗೆ ವಿಷಯ ನನಗೆ ಬಿಡಿ. ಬೆಳಿಗ್ಗೆ ಹೊತ್ತಲ್ಲೇ ಹೊಟ್ಟೆ ತುಂಬ ಅನ್ನ ಇಡಿಸ್ತೀನಿ, ಸಂಜೆ ಹೊತ್ತು ಯಾರೂ ಅದಕ್ಕೆ ತಿನ್ನಕ್ಕೆ ಹಾಕ್ಬೇಡಿ ಅಂತ ಎಲ್ಲರಿಗೂ ಹೇಳ್ತೀನಿ. ತಾನಾಗೇ ಹೋಗಿ ಮಲಗುತ್ತೆ."

ಇದನ್ನು ಹೇಳುವಾಗ ಅವರು ಗಂಡನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ಯಜಮಾನರು ಕೈ ಕೆಳಗಿಳಿಸಿ ಬೆನ್ನ ಹಿಂದೆ ಕಟ್ಟಿಕೊಂಡು, ಕಾಗೆ ಅಂದಮೇಲೆ ಕೂಗದೆ ಇರುತ್ತದೆಯೇ ಎಂದರು. ಅವರ ಹಿಂದೆ ಜಲಜಾಕ್ಷಿ ದೊಡ್ಡದೊಂದು ಉಸಿರು ಬಿಟ್ಟಳು. ಹೀಗೇ ತೆಗಿಯಮ್ಮ, ಬೇಗ, ಹಸಿವಾಗ್ತಿದೆ ಎಂದು ಹೇಳಿ ಯಜಮಾನರು ಒಳಗೆ ನಡೆದರು. ನಾನು ದಾಳಿಂಬೆ ಬಣ್ಣದ ಸೀರೆಯನ್ನು ತುಂಬಿಸಿಕೊಂಡು ಗುಂಡಿ ಒತ್ತಿದೆ. ಹಿತ್ತಲು ಕಪ್ಪಾಯಿತು. ಸೀರೆಯ ಕೆಳಗೆ ಮಾತ್ರ ಒಂದು ಪಟ್ಟಿ ಉಳಿಯಿತು. ಸೀತಾಲಕ್ಷ್ಮಮ್ಮನವರು ಇನ್ನೂ ನಾಲ್ಕು ಮೆಣಸಿನಕಾಯಿ ಬೇಕೆಂದು ಹಿಂದಕ್ಕೆ ಹೋದರು.

ಮನೆಗೆ ಬಂದಾಗ ನಮ್ಮವರ ಊಟವಾಗಿತ್ತು. ಅತ್ತೆ ಗೋಡೆ ಹಿಡಿದುಕೊಂಡು ಎದ್ದು, ಒಂದೊಂದೇ ಹೆಜ್ಜೆ ಇಟ್ಟು ಬಂದು ನನಗೆ ಬಡಿಸಿದರು. ಜಡೆ ಬಿಗಿಯಾಗಿತ್ತು.

"ಎಲ್ಲಾ ಬೀದಿ ಆಯ್ತೇನೇ? ಒಂದು ಮೂಲೆನೂ ಬಿಡ್ಲಿಲ್ಲ ತಾನೆ?"

"ಇಲ್ಲ ಅತ್ತೆ. ಎಲ್ಲಾ ಆಯ್ತು."

ಅವರ ಕಣ್ಣು ನನ್ನ ಹಿಮ್ಮಡಿಗೆ ಹೋಯಿತು. ಅಲ್ಲೊಂದು ಕಡಲೆಕಾಯಿ ಸಿಪ್ಪೆ ಅಂಟಿಕೊಂಡಿತ್ತು. ನಾನು ಅದನ್ನು ಒರೆಸಿಕೊಳ್ಳಲಿಲ್ಲ. ಆರಿದ ಅನ್ನದ ಮೇಲೆ ಎಂದಿಗಿಂತ ಒಂದು ಚಮಚ ಹೆಚ್ಚು ತುಪ್ಪ ಬಿತ್ತು. ತಿಂದೆ. ಚೆನ್ನಾಗಿ ಬೆಂದಿತ್ತು.

ಕೈ ತೊಳೆದು ಬಂದು ಪೆಟ್ಟಿಗೆಯ ಮುಚ್ಚಳ ತೆಗೆದೆ. ಚಾವಡಿ ಬೀದಿಯಿಂದ ನಮ್ಮ ಬೀದಿಗೆ ಬರುವ ದಾರಿಯಲ್ಲಿ ಕೆರೆಯ ಮೆಟ್ಟಿಲುಗಳಿವೆ. ಕೊನೆಯ ಫೋಟೊದ ಒಂದು ಅಂಚಿಗೆ ಅವೂ ಬರುತ್ತವೆ. ಅಲ್ಲಿ ಎರಡು ಕಲ್ಲುಕಂಬ, ನಡುವೆ ಕೂರುವಷ್ಟು ಅಗಲದ ಒಂದು ಚಪ್ಪಡಿ, ಕಾಲು ಇಳಿಬಿಟ್ಟರೆ ನೀರು ತಾಕುತ್ತದೋ ಇಲ್ಲವೋ ಎನ್ನುವಷ್ಟು ಎತ್ತರ. ಹಗ್ಗ ಎಷ್ಟುದ್ದ ಬೇಕಾಗಬಹುದು ಎಂದು ಮನಸ್ಸಿನಲ್ಲೇ ಮಾರು ಹಾಕಿದೆ. ಪೆಟ್ಟಿಗೆಯ ತಳದಲ್ಲಿ ನನ್ನ ತವರಿನ ನೀಲಿ ಸೀರೆಯಿತ್ತು. ಹಳೆಯದು, ಆದರೆ ಅಗಲದ ಪನ್ನ, ನೇಯ್ಗೆ ಒತ್ತಾಗಿದೆ. ದೀಪಕ್ಕೆ ಹಿಡಿದು ನೋಡಿದೆ. ಬೆಳಕು ಈಚೆಗೆ ಬರಲಿಲ್ಲ.

ಹಾಸಿಗೆಯ ಮೇಲಿಂದ ನಮ್ಮವರು, ಈಗ ಅದನ್ನು ಯಾಕೆ ತೆಗೆದೆ ಎಂದು ಕೇಳಿದರು. ಮಡಿಕೆಯಲ್ಲಿ ಕಲೆ ಬಿದ್ದಿದೆ, ನಾಳೆ ಒಗೆಯುತ್ತೇನೆ ಎಂದೆ. ನಾಳೆಯಿಡೀ ಗಿರಣಿಯ ಚೀಲ ಹೊಲಿಯಬೇಕು ಅಂದಿದ್ದೆಯಲ್ಲ, ಯಾವಾಗ ಒಗೆಯುತ್ತೀ ಎಂದರು. ಸಂಜೆ ಹೊರಡುವ ಮುಂಚೆ ಎಂದೆ.

"ಸಂಜೆ ಹೊತ್ತಲ್ಲಿ ಯಾರಾದ್ರೂ ಬಟ್ಟೆ ಒಣಹಾಕ್ತಾರೇನೇ?" ಎಂದು ಅವರು ನಕ್ಕು ಮಗ್ಗುಲಾದರು.

ನಾನು ನೀಲಿ ಸೀರೆಯನ್ನು ಮಡಚಿ, ಕ್ಯಾಮೆರಾದ ಚೀಲದ ಪಕ್ಕದಲ್ಲಿಟ್ಟು, ದೀಪ ಸಣ್ಣ ಮಾಡಿದೆ.